ಮಂಜುಗಡ್ಡೆ ಇರುವಷ್ಟು ಹೊತ್ತು

ಟಕಟಕ, ಟಕಟಕ, ಟಕ... ಟಕ್. ಆಮೇಲೆ ಏನೂ ಇಲ್ಲ.

ಆ ಸದ್ದು ನಿಂತ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹಗಲು ಹೊತ್ತಿನಲ್ಲಿ ಯಾರ ಮನೆಯಲ್ಲೂ ಲೈಟು ಉರಿಯುತ್ತಿರುವುದಿಲ್ಲ, ಆದರೆ ಪವರ್‌ಲೂಮ್ ಓಡುತ್ತಿರುತ್ತದೆ. ಹುಟ್ಟಿದಾಗಿನಿಂದ ಕೇಳಿದವರಿಗೆ ಅದು ಸದ್ದೇ ಅಲ್ಲ. ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತಿ ನೋಡುತ್ತಾರೆ, ಯಾರೋ ಕರೆದರೇನೋ ಅನ್ನುವ ಹಾಗೆ.

ಅವತ್ತು ನನ್ನ ತಂಗಿಯ ಬೀದಿಯಲ್ಲಿ ಮಗ್ಗಗಳು ಹಿಂದಿನ ಸಂಜೆಯಿಂದಲೇ ನಿಂತಿದ್ದವು. ಒಂದು ಮನೆಯಲ್ಲಿ ಸಾವಾದರೆ, ಹೆಣ ಎತ್ತುವವರೆಗೂ ಆ ಬೀದಿಯಲ್ಲಿ ಯಾರೂ ಮಗ್ಗದ ಸ್ವಿಚ್ ಹಾಕುವುದಿಲ್ಲ. ಅಲ್ಲಿನ ಪದ್ಧತಿ ಅದು. ಸತ್ತವಳು ನನ್ನ ತಂಗಿ. ಆದ್ದರಿಂದ ಆಗ ನಿಂತದ್ದು ಪಕ್ಕದ ಬೀದಿಗಳ ಸದ್ದು. ಅದರ ಹಿಂದೆಯೇ ಇನ್ನೊಂದು ಸದ್ದೂ ನಿಂತುಹೋಯಿತು. ನಡುಮನೆಯಲ್ಲಿ ಅವಳನ್ನು ಮಲಗಿಸಿದ್ದ ಫ್ರೀಜರ್ ಬಾಕ್ಸಿನ ಗುಂಯ್ ಅನ್ನುವ ಸಣ್ಣ ಸದ್ದು. ರಾತ್ರಿಯೆಲ್ಲ ಅದನ್ನು ಕೇಳಿಕೊಂಡೇ ಗೋಡೆಗೊರಗಿ ಕೂತಿದ್ದೆ. ಅದು ಓಡುತ್ತಿರುವಷ್ಟು ಹೊತ್ತು ಯಾರೋ ಕೆಲಸ ಮಾಡುತ್ತಿದ್ದಾರೆ, ನಾನು ಸುಮ್ಮನಿದ್ದರೂ ನಡೆಯುತ್ತದೆ ಅನ್ನಿಸಿತ್ತು.

ಅವಳು ಹೋದದ್ದು ಸಂಜೆ ಕಾಫಿಯ ಹೊತ್ತಿನಲ್ಲಿ. ಒಲೆ ಮೇಲೆ ನೀರಿಟ್ಟು, ಪುಡಿ ಡಬ್ಬಿಯ ಮುಚ್ಚಳ ತೆಗೆದು, ಹಾಗೇ ಕಟ್ಟೆ ಹಿಡಿದುಕೊಂಡು ಕೂತಳಂತೆ. ನೀರು ಕುದಿಯುವುದಕ್ಕೆ ಮೊದಲೇ ಎಲ್ಲ ಮುಗಿದಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಮೈದುನನ ಸಂಸಾರದ ಜೊತೆಗೇ ಇದ್ದಳು, ಅದೇ ಮಗ್ಗದ ಮನೆಯಲ್ಲಿ. ನಾನಿರುವುದು ಊರಾಚೆ ರಾಜಘಟ್ಟದ ರಸ್ತೆಯಲ್ಲಿ. ಫೋನ್ ಬಂದಾಗ ಆಟೋ ಹತ್ತಿ ಬಂದೆ. ಬರುವಾಗ ಬೀರುವಿನಿಂದ ಒಂದು ಹೊಸ ಸೀರೆ ಎತ್ತಿಕೊಂಡು ಬಂದಿದ್ದೆ. ಮದುವೆಯಾದ ಹೆಣ್ಣು ಸತ್ತರೆ ತವರಿನವರು ಸೀರೆ ಹೊದಿಸಬೇಕಲ್ಲ. ತವರು ಅಂತ ಅವಳಿಗೆ ಉಳಿದಿದ್ದವಳು ನಾನೊಬ್ಬಳೇ. ಸೀರೆ ಬಿಡಿಸಿದಾಗ ಎದುರು ಮನೆಯ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅಂಚು ನೋಡಿತು.

"ಇದು ನಮ್ಮ ಬೀದಿದೇ ನೇಯ್ಗೆ. ಗೌರಿ ಹಬ್ಬಕ್ಕೆ ಅವಳೇ ನಿನಗೆ ಕೊಟ್ಟಿದ್ದಲ್ವಾ?"

ಹೌದು ಅಂದೆ.

"ಅವಳು ಕೊಟ್ಟಿದ್ದು ಅವಳಿಗೇ ವಾಪಸ್ ಬಂತು ಬಿಡು. ಬುದ್ಧಿವಂತೆ. ಯಾರ ಋಣನೂ ಇಟ್ಕೊಳ್ಳಲಿಲ್ಲ."

ಅಳುತ್ತಿದ್ದ ಹೆಂಗಸರು ಸ್ವಲ್ಪ ನಕ್ಕರು. ನಾನೂ ನಕ್ಕೆನೇನೋ.

ನಾವು ಕಾಯುತ್ತಿದ್ದದ್ದು ಅವಳ ಮಗಳಿಗಾಗಿ. ಒಬ್ಬಳೇ ಮಗಳು, ಸೂರತ್‌ನಲ್ಲಿದ್ದಾಳೆ. ಅಳಿಯನದು ಅಲ್ಲಿ ನೂಲಿನ ವ್ಯಾಪಾರ. ಇಲ್ಲಿನ ಮಗ್ಗಗಳಿಗೆ ಪಾಲಿಯೆಸ್ಟರ್ ನೂಲು ಬರುವುದೇ ಆ ಕಡೆಯಿಂದ, ಹೀಗಾಗಿ ಆ ಸಂಬಂಧ. ಸುದ್ದಿ ತಿಳಿಸಿದಾಗ ಅವಳು ತೀರಾ ಸಣ್ಣ ದನಿಯಲ್ಲಿ ಕೇಳಿದಳು:

"ದೊಡ್ಡಮ್ಮ, ವೀಡಿಯೋ ಕಾಲ್‌ನಲ್ಲಿ ಯಾರೂ ತೋರಿಸಬೇಡಿ. ಪ್ಲೀಸ್. ಫೋನಲ್ಲಿ ನೋಡಿಬಿಟ್ರೆ ನಂಗೆ ಅದೇ ಮುಖ ಉಳ್ಕೊಂಡ್ಬಿಡುತ್ತೆ. ನಾನು ಬಂದು ನೋಡ್ತೀನಿ. ಬರೋವರೆಗೂ ಅಮ್ಮನ್ನ ಇಟ್ಕೊಂಡಿರಿ."

"ಇಟ್ಕೊಂಡಿರ್ತೀನಿ ಕಣೇ. ನೀನು ಬಾ."

ಎಷ್ಟು ಸುಲಭವಾಗಿ ಅಂದುಬಿಟ್ಟೆ. ಬೆಳಗಿನ ಫ್ಲೈಟು, ಮುಂಬೈಯಲ್ಲಿ ಇಳಿದು ಇನ್ನೊಂದು, ಮಧ್ಯಾಹ್ನಕ್ಕೆ ದೇವನಹಳ್ಳಿ. ಅಲ್ಲಿಂದ ನಮ್ಮೂರು ಎಷ್ಟು ದೂರ. ಇಳಿಹೊತ್ತಿಗೆ ಮಣ್ಣು ಮಾಡುವುದು ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ಎಲ್ಲ ಸರಿಯಾಗೇ ಇತ್ತು, ಮಗ್ಗದ ಸದ್ದು ನಿಲ್ಲುವವರೆಗೆ.

ಕರೆಂಟು ಹೋದದ್ದಷ್ಟೇ ಆಗಿದ್ದರೆ ಜನರೇಟರು ತರಿಸಬಹುದಿತ್ತು. ಸ್ವಲ್ಪ ಹೊತ್ತಿಗೆ ಕರೆಂಟು ವಾಪಸ್ ಬಂತು, ಬಂದದ್ದು ಹೆಚ್ಚಾಗಿ ಬಂತು. ದೇವರ ಮನೆಯ ಬಲ್ಬು ಪಟ್ ಅಂತ ಸಿಡಿಯಿತು. ಫ್ರೀಜರ್ ಬಾಕ್ಸು ಒಂದು ಸಲ ಗುಟುರು ಹಾಕಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು, ಸುಮ್ಮನಾಯಿತು. ಕರೆಂಟು ಮತ್ತೆ ಹೋಯಿತು. ಬಾಕ್ಸಿನವನು ಬಂದು ಹಿಂಬದಿಯ ತಗಡು ಬಿಚ್ಚಿ ನೋಡಿದ.

"ಕಂಪ್ರೆಸರ್ ಹೋಯ್ತು ಸಾರ್. ಇನ್ನು ಜನರೇಟರ್ ತಂದ್ರೂ ಅಷ್ಟೇ, ತರದಿದ್ರೂ ಅಷ್ಟೇ."

"ಇನ್ನೊಂದು ಬಾಕ್ಸ್ ತತ್ತಾರಪ್ಪಾ ಮತ್ತೆ," ಅಂದರು ಮೈದುನ.

"ಇನ್ನೊಂದು ಇಲ್ಲೇ ಮಧುರೆ ಹೋಬಳಿ ಕಡೆ ಹೋಗಿದೆ, ಅವರೂ ಯಾರಿಗೋ ಕಾಯ್ತಾವ್ರೆ. ನೆಲಮಂಗಲಕ್ಕೂ ಫೋನ್ ಹಾಕ್ದೆ. ಈ ಬಿಸಿಲಿಗೆ ಖಾಲಿ ಎಲ್ಲಿರ್ತವೆ ಗುರುಗಳೇ."

ಆಸ್ಪತ್ರೆಯ ಮಾರ್ಚುರಿಯಲ್ಲಿ ಕೇಳಿ ನೋಡೋಣವೇ ಅಂತ ನಾನು ಮೆಲ್ಲಗೆ ಅಂದೆ. ಮೈದುನ ನನ್ನ ಮುಖವನ್ನೇ ನೋಡಿದರು. "ಅಡುಗೆಮನೇಲಿ ಪುಣ್ಯವಂತೆ ತರ ಹೋದವಳನ್ನ ಶವಾಗಾರದಲ್ಲಿ ಮಲಗಿಸೋದಾ ಅಕ್ಕಾವ್ರೇ? ನಾಳೆ ಜನ ಆಕ್ಸಿಡೆಂಟಾ, ಪೊಲೀಸ್ ಕೇಸಾ ಅಂತ ಕೇಳ್ತಾರೆ." ಅವರದು ಗದರುವ ದನಿಯಲ್ಲ, ನೋವಿನ ದನಿ.

ಹಾಗೆ ಬಂತು ಐಸು. ಜ್ಯೂಸ್ ಅಂಗಡಿಗಳಿಗೆ, ಮದುವೆ ಛತ್ರಗಳಿಗೆ ಐಸು ಕಳಿಸುವ ಕಾರ್ಖಾನೆಯಿಂದ ಗೂಡ್ಸ್ ಆಟೋದಲ್ಲಿ, ಗೋಣಿ ಸುತ್ತಿಕೊಂಡು, ಹಾಸುಗಲ್ಲಿನ ಹಾಗಿದ್ದ ಉದ್ದುದ್ದ ತುಂಡುಗಳು. ಮದುವೆ ಸೀಸನ್, ಅವರಲ್ಲಿದ್ದದ್ದೇ ಅಷ್ಟು. ಕರೆಂಟಿಲ್ಲದ ಮೇಲೆ ಹೊಸದು ಕಟ್ಟುವುದೂ ಇಲ್ಲ. ನಡುಮನೆಯಲ್ಲಿ ಟಾರ್ಪಾಲು ಹಾಸಿ, ಅದರ ಒಂದು ಅಂಚನ್ನು ಬಚ್ಚಲ ಕಡೆಗೆ ಇಳಿಜಾರು ಮಾಡಿ, ತುಂಡುಗಳನ್ನು ಒತ್ತಾಗಿ ಜೋಡಿಸಿದರು. ಮೇಲೆ ಗೋಣಿ, ಚಾಪೆ. ಅದರ ಮೇಲೆ ನನ್ನ ತಂಗಿ. ಅಕ್ಕಪಕ್ಕ ಒಡೆದ ಚೂರುಗಳನ್ನು ತುಂಬಿ, ಕಂಬಳಿ ಹೊದಿಸಿ, ಮುಖ ಮಾತ್ರ ಬಿಟ್ಟರು.

"ಬದುಕಿದ್ದಾಗ ಒಂದು ದಿನ ಫ್ಯಾನಿನ ಕೆಳಗೆ ಕೂತವಳಲ್ಲ," ಅಂದಿತು ಎದುರು ಮನೆಯ ಅಜ್ಜಿ. "ಈಗ ನೋಡು, ಮಹಾರಾಣಿ ಹಂಗೆ ಐಸಿನ ಮೇಲೆ. ಲೇ, ನಂಗೂ ಒಂಚೂರು ಜಾಗ ಬಿಡೇ."

ನಾನು ಅವಳ ತಲೆಯ ಹತ್ತಿರ ಕೂತೆ. ಕೂತವಳಿಗೆ ನಮ್ಮ ಕಾನ್ವೆಂಟಿನ ಲ್ಯಾಬು ನೆನಪಾಯಿತು. ಈ ವಯಸ್ಸಿನಲ್ಲಿ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ, ಬೈದರೂ ಕೇಳುವುದಿಲ್ಲ. ನನ್ನನ್ನು ಬೆಂಗಳೂರಿನ ಸೋದರತ್ತೆಯ ಮನೆಯಲ್ಲಿಟ್ಟು ಇಂಗ್ಲಿಷ್ ಕಾನ್ವೆಂಟಿಗೆ ಹಾಕಿದ್ದರು. ತಂಗಿಗೆ ಆ ವಯಸ್ಸು ಬರುವ ಹೊತ್ತಿಗೆ ಅತ್ತೆ ಇರಲಿಲ್ಲ, ಅವಳು ಇಲ್ಲೇ ಉಳಿದಳು, ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ. ಫಿಸಿಕ್ಸ್ ಹೇಳಿಕೊಡುತ್ತಿದ್ದ ಮದರ್ ಬೀಕರಿನ ತುಂಬ ಐಸ್ ಚೂರು ಹಾಕಿ, ಅದರಲ್ಲಿ ಥರ್ಮಾಮೀಟರ್ ನಿಲ್ಲಿಸಿ, ಕೆಳಗೆ ಸಣ್ಣ ಉರಿ ಇಟ್ಟು ನಮ್ಮನ್ನು ಸುತ್ತ ನಿಲ್ಲಿಸುತ್ತಿದ್ದರು. "ಪೇಷನ್ಸ್, ಗರ್ಲ್ಸ್. ಜಸ್ಟ್ ವಾಚ್." ಉರಿ ಉರಿಯುತ್ತಲೇ ಇದೆ, ಐಸು ಕರಗುತ್ತಲೇ ಇದೆ, ಪಾದರಸ ಮಾತ್ರ ಸೊನ್ನೆ ಬಿಟ್ಟು ಕದಲುವುದಿಲ್ಲ. ಕೊನೆಯ ಚೂರು ಕರಗುವವರೆಗೂ ಸೊನ್ನೆ. ಕೊಟ್ಟ ಶಾಖವೆಲ್ಲ ಗಟ್ಟಿಯಾದದ್ದನ್ನು ನೀರು ಮಾಡುವುದಕ್ಕೇ ಖರ್ಚಾಗುತ್ತದೆ, ಥರ್ಮಾಮೀಟರಿನ ಪಾಲಿಗೆ ಏನೂ ಮಿಗುವುದಿಲ್ಲ. ಲೇಟೆಂಟ್ ಹೀಟ್. ಮುಂದೆ ನಾನೇ ಟೀಚರಾಗಿ ಇಲ್ಲಿನ ಹೆಣ್ಣುಮಕ್ಕಳಿಗೆ ಗುಪ್ತೋಷ್ಣ ಅಂತ ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿದೆ.

ರಜೆಗೆ ಬಂದಾಗ ಇದನ್ನು ತಂಗಿಗೆ ಹೇಳಿದ್ದೆ. ಅವಳಿಗೆ ನಂಬಿಕೆಯೇ ಬರಲಿಲ್ಲ.

"ಮತ್ತೆ ಬಿಸಿ ಎಲ್ಲಿ ಹೋಯ್ತು?"

"ಒಳಗೇ ಇರುತ್ತೆ. ಕಾಣಲ್ಲ ಅಷ್ಟೇ. ಹಿಡನ್."

"ನಮ್ಮಮ್ಮ ಹಂಗೇನೇ. ಅಪ್ಪ ಬೈತಾ ಇದ್ರೆ ಮುಖದಲ್ಲಿ ಏನೂ ಇರಲ್ಲ. ಆಮೇಲೆ ಒಳಗೆ ಪಾತ್ರೆ ಒಂದೊಂದಾಗಿ ಬೀಳ್ತವೆ," ಅಂದಿದ್ದಳು. ಆಮೇಲೆ ಸುಮಾರು ವರ್ಷ ನನ್ನನ್ನು ಇಂಗ್ಲಿಷಮ್ಮ ಅನ್ನುವ ಬದಲು ಹಿಡನ್ ಅಕ್ಕ ಅನ್ನುತ್ತಿದ್ದಳು.

ಐಸಿನ ಪಕ್ಕ ಕೂತು ನಾನು ಲೆಕ್ಕ ಹಾಕಿದೆ. ಲೆಕ್ಕ ಅಂದರೆ ಪೆನ್ನು ಪೇಪರಿನದಲ್ಲ, ಕಣ್ಣಂದಾಜು. ತುಂಡುಗಳು ದಪ್ಪ ಇವೆ, ಕಂಬಳಿ ಇದೆ, ಕೋಣೆಯಲ್ಲಿ ಬಿಸಿಲು ಬೀಳುವುದಿಲ್ಲ. ಸಂಜೆಯವರೆಗೆ ಬರುತ್ತವೆ. ಮಂಜುಗಡ್ಡೆ ಇರುವಷ್ಟು ಹೊತ್ತು ಸೊನ್ನೆ ಸೊನ್ನೆಯೇ. ಹೊರಗೆ ಬಿಸಿಲು ಎಷ್ಟಾದರೂ ಕಾಯಲಿ, ಒಳಗಿರುವವಳಿಗೆ ಏನೂ ಆಗುವುದಿಲ್ಲ. ಜೀವಮಾನವೆಲ್ಲ ಪಾಠ ಮಾಡಿದ ಆ ಒಂದು ಸಂಗತಿ ನನ್ನ ಮಾತು ಉಳಿಸುತ್ತದೆ ಅಂತ ಸಮಾಧಾನವೇ ಆಯಿತು. ಅಷ್ಟರಲ್ಲಿ ಮುಂಬೈಯಿಂದ ಮಗಳ ಫೋನು. ಮೊದಲ ಫ್ಲೈಟು ತಡ, ಎರಡನೆಯದು ತಪ್ಪಿಹೋಗಿದೆ, ಮುಂದಿನದಕ್ಕೆ ಹಾಕಿದ್ದಾರೆ.

"ಸಂಜೆಗೆ ಇಳೀತೀನಿ ದೊಡ್ಡಮ್ಮ. ಕತ್ತಲೆ ಆಗೋಕ್ಕೆ ಮುಂಚೆ ಬಂದ್ಬಿಡ್ತೀನಿ."

ಬಾ, ನಾನಿದ್ದೀನಿ ಅಂದೆ. ಫ್ರೀಜರ್ ಬಾಕ್ಸಿನ ವಿಷಯ ಹೇಳಲಿಲ್ಲ. ಏರ್‌ಪೋರ್ಟಿನಲ್ಲಿ ಒಬ್ಬಳೇ ಕೂತಿರುವ ಹುಡುಗಿಗೆ ಅದನ್ನು ಹೇಗೆ ಹೇಳುವುದು, ಯಾಕೆ ಹೇಳುವುದು.

ಜಗಲಿಯ ಮೇಲೆ ಎರಡು ಮೂಟೆ ಕಲ್ಲುಪ್ಪು ಇತ್ತು. ಮಣ್ಣು ಮಾಡುವಾಗ ಗುಂಡಿಯಲ್ಲಿ ಉಪ್ಪು ಹಾಕುವುದು ನಮ್ಮ ಕಡೆ ಇದ್ದದ್ದೇ. ಮೈದುನ ಒಳಗೆ ಬಂದು ಕಂಬಳಿಯ ಅಂಚೆತ್ತಿ ಐಸು ಮುಟ್ಟಿ ನೋಡಿದರು. ಬಚ್ಚಲಿಗೆ ಸಣ್ಣಗೆ ನೀರು ಹರಿಯುತ್ತಿತ್ತು. ಅದನ್ನು ನೋಡಿ ಅವರಿಗೆ ಕಳವಳವಾಯಿತು. ಹೊರಗೆ ಹೋದವರು ಒಂದು ಮೂಟೆ ಹೊರಿಸಿಕೊಂಡು ಬಂದರು.

"ಗುಂಡಿಗೆ ಒಂದು ಮೂಟೆ ಸಾಕು. ಇದನ್ನ ಐಸಿಗೆ ಹಾಕೋಣ."

"ಬೇಡಿ," ಅಂದೆ. "ಉಪ್ಪು ಹಾಕಿದ್ರೆ ಬೇಗ ಕರಗುತ್ತೆ."

"ಅಕ್ಕಾವ್ರೇ, ಐಸಿನ ವಿಷಯ ನನಗೆ ಬಿಡಿ. ಮಗ್ಗ ಹಾಕೋಕ್ಕೆ ಮುಂಚೆ ಸೈಕಲ್ ಮೇಲೆ ಐಸ್ ಕ್ಯಾಂಡಿ ಮಾರ್ತಿದ್ದೆ. ಈ ಊರಿಂದ ರಾಜಘಟ್ಟದವರೆಗೂ ತುಳೀತಿದ್ದೆ, ಇಂಥದೇ ಬಿಸಿಲಲ್ಲಿ. ಕ್ಯಾಂಡಿ ಡಬ್ಬಿ ಸುತ್ತ ಐಸು, ಐಸಿಗೆ ಉಪ್ಪು. ಉಪ್ಪಿಲ್ಲದಿದ್ರೆ ಮಧ್ಯಾಹ್ನಕ್ಕೆಲ್ಲ ಬರೀ ಪಾನಕ."

"ಅದು ಡಬ್ಬಿ. ಕರಗಿದ ನೀರೂ ಅದರಲ್ಲೇ ಇರ್ತಿತ್ತು. ಇಲ್ಲಿ ಹರಿದುಹೋಗುತ್ತೆ."

"ತಣ್ಣಗೆ ಆಗೋದು ಆಗುತ್ತೋ ಇಲ್ವೋ, ಅದು ಹೇಳಿ."

ಆಗುತ್ತದೆ. ಏನು ಹೇಳಲಿ. ಖಂಡಿತ ಆಗುತ್ತದೆ. ಉಪ್ಪು ಬಿದ್ದ ಐಸು ಸೊನ್ನೆಯಲ್ಲೂ ಗಟ್ಟಿಯಾಗಿರಲಾರದು, ಕರಗಲೇಬೇಕು. ಕರಗಲು ಶಾಖ ಬೇಕು. ಆ ಶಾಖವನ್ನು ಅದು ತನ್ನಿಂದಲೇ, ತನ್ನ ಪಕ್ಕದಲ್ಲಿರುವುದರಿಂದಲೇ ಕಿತ್ತುಕೊಳ್ಳುತ್ತದೆ. ಅದಕ್ಕೇ ಅಷ್ಟು ಕೊರೆಯುತ್ತದೆ. ಅವರಿಗೆ ಗೊತ್ತಿದ್ದದ್ದು ಸುಳ್ಳಲ್ಲ. ಸೈಕಲ್ಲಿನ ಡಬ್ಬಿಗೆ ಅದು ಸರಿ. ನಮಗೆ ಬೇಕಾಗಿದ್ದದ್ದು ಹೆಚ್ಚು ತಣ್ಣಗಲ್ಲ, ಹೆಚ್ಚು ಹೊತ್ತು. ಇದನ್ನು ಇನ್ನೊಂದು ಸಲವೂ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಕೋಣೆಯ ತುಂಬ ಜನ. ಯಾರೋ ಅಳುತ್ತಿದ್ದರು, ಯಾರೋ ಹೊಸದಾಗಿ ಬಂದವರಿಗೆ ಒಲೆ ಮೇಲಿನ ಕಾಫಿ ನೀರಿನ ಕಥೆ ಮತ್ತೆ ಮೊದಲಿಂದ ಹೇಳುತ್ತಿದ್ದರು. ಮೈದುನನ ಸೊಸೆ ನನ್ನ ಭುಜ ಹಿಡಿದು, "ದೊಡ್ಡಮ್ಮ, ಮಾವ ಏನೋ ಒಂದು ಮಾಡ್ಲಿ ಬಿಡಿ. ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ, ಒಂದು ಕಡೆ ಕೂತಿಲ್ಲ," ಅಂದಳು. ಅವರ ಕೈ ಆಗಲೇ ಉಪ್ಪಿನೊಳಗಿತ್ತು. ಅತ್ತಿಗೆ ಕೈಯಿಂದ ಉಂಡು ಬೆಳೆದ ಮನುಷ್ಯ. ಬೊಗಸೆ ಬೊಗಸೆ ತೆಗೆದು, ಬಿತ್ತನೆ ಮಾಡುವವರ ಹಾಗೆ, ಬಹಳ ಜೋಪಾನವಾಗಿ ಸುತ್ತಲೂ ಹಾಕಿದರು.

ಚಟಚಟ ಅಂತ ಐಸು ಬಿರಿಯುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತುಂಡುಗಳ ಅಂಚಿನಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಕಟ್ಟಿತು. ಹೆಂಗಸರು ಬಗ್ಗಿ ನೋಡಿದರು. ಮೈದುನ ಬೆರಳಿಟ್ಟು, ಚುರ್ ಅಂದದ್ದಕ್ಕೆ ತೆಗೆದು, ನನ್ನ ಕಡೆ ತಿರುಗಿದರು. ಮುಖದಲ್ಲಿ ಹಿಂದಿನ ಸಂಜೆಯಿಂದ ಮೊದಲ ಸಲ ಒಂಚೂರು ಬೆಳಕು.

"ಮುಟ್ಟಿ ನೋಡಿ ಟೀಚರಮ್ಮ. ಮೊದಲಿಗಿಂತ ತಣ್ಣಗಿಲ್ವಾ?"

ಮುಟ್ಟಿದೆ. ಬೆರಳು ಅಂಟಿಕೊಳ್ಳುವಷ್ಟು ತಣ್ಣಗಿತ್ತು.

"ಇದೆ," ಅಂದೆ.

ಬಚ್ಚಲಿಗೆ ಹರಿಯುತ್ತಿದ್ದ ಸಣ್ಣ ಎಳೆ ಹಗ್ಗದಷ್ಟು ದಪ್ಪವಾಗಿತ್ತು. ಅದನ್ನು ನಾನೊಬ್ಬಳೇ ನೋಡುತ್ತಿದ್ದೆನೇನೋ. ನೋಡಿ ಮಾಡುವುದೇನು? ಬಿದ್ದ ಉಪ್ಪನ್ನು ಆರಿಸಿ ತೆಗೆಯಲಾಗುತ್ತದೆಯೇ? ಎದ್ದು ಹೋಗಿ ಬಚ್ಚಲ ತೂತಿಗೆ ಒಂದು ಬಟ್ಟೆ ತುರುಕಿದೆ, ನೀರಾದರೂ ನಿಲ್ಲಲಿ ಅಂತ. ನೀರು ನಡುಮನೆಗೆ ಹಿಂದಕ್ಕೆ ಬಂದು ಕೂತವರ ಸೀರೆಗಳೆಲ್ಲ ನೆನೆದವು. ಸೊಸೆ ಬಟ್ಟೆ ಕಿತ್ತು ಬಿಸಾಕಿ, "ಯಾರು ಇಲ್ಲಿ ತುರುಕಿದ್ದು, ಮಕ್ಕಳಾಟ," ಅಂದಳು. ನಾನು ಅಂತ ಹೇಳಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳ ಎಡ ಭುಜ ತುಸು ಕೆಳಗಾಯಿತು. ಆ ಕಡೆಯ ತುಂಡು ಬೇಗ ಸವೆದಿತ್ತು. ಮಲಗಿದ್ದಲ್ಲೇ ಯಾರದೋ ಮಾತು ಕೇಳಲು ಒಂದು ಕಡೆ ವಾಲಿದ ಹಾಗೆ ಕಾಣುತ್ತಿತ್ತು. ಭುಜದ ಕೆಳಗೆ ಮಡಚಿದ ಗೋಣಿ ಕೊಟ್ಟರು. ಆಮೇಲೆ ಸೊಂಟ ಇಳಿಯಿತು. ಮಗ್ಗದ ಮನೆಯಿಂದ ನೂಲು ಮುಗಿದ ಖಾಲಿ ಕೋನುಗಳ ಮೂಟೆ ತಂದು ಅಲ್ಲಿಗೆ ಇಟ್ಟರು. ಹೀಗೆ ಒಂದೊಂದು ಕಡೆ ಇಳಿದಂತೆಲ್ಲ ಮನೆಯಲ್ಲಿದ್ದ ಏನಾದರೊಂದನ್ನು ತಂದು ಆನಿಸುತ್ತಾ ಹೋದರು. ಐಸು ಅಂಗೈ ದಪ್ಪಕ್ಕೆ ಬಂತು, ಆಮೇಲೆ ತಟ್ಟೆಯ ದಪ್ಪಕ್ಕೆ. ಇನ್ನೂ ಇತ್ತು. ಇನ್ನೂ ಇದೆ, ಇರುವಷ್ಟು ಹೊತ್ತು ಪರವಾಗಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಆಗ ಫೋನ್ ಬಂತು.

"ದೊಡ್ಡಮ್ಮ, ಇದೂ ಲೇಟಂತೆ. ಈಗ ಹತ್ತಿಸ್ತಾ ಇದಾರೆ. ಇಳಿಯೋವಾಗ ಕತ್ತಲಾಗುತ್ತೆ. ಪರವಾಗಿಲ್ಲ ಅಲ್ವಾ? ಬಾಕ್ಸ್‌ನಲ್ಲೇ ಇದಾಳಲ್ವಾ ಅಮ್ಮ?"

ಮೈದುನ, ಸೊಸೆ, ಅಜ್ಜಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಇಲ್ಲೇ ಇದಾಳೆ ಕಣೇ. ನನ್ನ ಪಕ್ಕದಲ್ಲೇ."

"ಹೇಗಿದಾಳೆ?"

"ಹಂಗೇ ಇದಾಳೆ."

"ಸರಿ. ಸ್ವಿಚ್ ಆಫ್ ಮಾಡು ಅಂತಿದಾರೆ. ಬಂದೆ."

ಆ ಹೊತ್ತಿಗೆ ನಾನಂದದ್ದು ನಿಜವೇ ಆಗಿತ್ತು. ಅವಳು ಹಾಗೇ ಇದ್ದಳು. ಆಮೇಲೆ ತಿಳಿಸೋಣವೆಂದರೆ ಫೋನು ಹತ್ತಲಿಲ್ಲ. ನಾನು ಮತ್ತೆ ಮತ್ತೆ ಒತ್ತಿದೆ. ಮತ್ತೆ ಮತ್ತೆ ಅದೇ ಹೆಂಗಸು ಬಂದು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಸಿಗುವುದಿಲ್ಲ ಅಂದಳು. ಹುಡುಗಿ ಮೇಲೆಲ್ಲೋ ಆಕಾಶದಲ್ಲಿ ನನ್ನ ಮಾತು ನಂಬಿಕೊಂಡು ಕೂತಿದ್ದಳು.

ಅವಳು ಬಂದದ್ದನ್ನು ಇಲ್ಲೇ ಬರೆದುಬಿಡುತ್ತೇನೆ, ಕೊನೆಗೆ ಇಟ್ಟುಕೊಳ್ಳಲು ನನಗೆ ಶಕ್ತಿಯಿಲ್ಲ. ಬಂದಾಗ ದೀಪ ಹಚ್ಚಿಯಾಗಿತ್ತು. ಕಾರಿನಿಂದ ಇಳಿದು ಚಪ್ಪಲಿ ಬಿಟ್ಟು ಸೀದಾ ನಡುಮನೆಗೆ ಹೋದಳು. ನೆಲ ತೊಳೆದಿದ್ದರು, ಒಂದು ಮೂಲೆಯಲ್ಲಿ ದೀಪ ಇತ್ತು, ಅಷ್ಟೇ. ನನ್ನನ್ನು ನೋಡಿದಳು. ಬೈಯಲಿಲ್ಲ, ಯಾಕೆ ಅಂತ ಕೇಳಲೂ ಇಲ್ಲ. ತೊಳೆದ ನೆಲದ ಮೇಲೆ ಕೂತು, ಒದ್ದೆ ಇದ್ದಲ್ಲಿ ಅಂಗೈ ಇಟ್ಟುಕೊಂಡು, "ನೆಲ ಯಾಕೆ ಇಷ್ಟು ತಣ್ಣಗಿದೆ ದೊಡ್ಡಮ್ಮ?" ಅಂದಳು. ಅದಕ್ಕೂ ನಾನು ಉತ್ತರ ಕೊಡಲಿಲ್ಲ. ಫಿಸಿಕ್ಸ್ ಟೀಚರ್, ಮೈ ಫುಟ್.

ಆ ಸಂಜೆ ಅವಳು ವಿಮಾನ ಹತ್ತಿ ಫೋನ್ ಇಟ್ಟ ಮೇಲೆ ಐಸು ಬಹಳ ಹೊತ್ತು ಉಳಿಯಲಿಲ್ಲ. ಚಾಪೆಯ ಕೆಳಗೆ ಕೈ ಹಾಕಿದರೆ ಬರೀ ಉಪ್ಪುನೀರು, ನೆನೆದ ಗೋಣಿ. ಅದೂ ತಣ್ಣಗೇ ಇತ್ತು, ಆದರೆ ಇನ್ನು ಅದನ್ನು ಸೊನ್ನೆಯಲ್ಲಿ ಹಿಡಿದಿಡುವುದು ಏನೂ ಇರಲಿಲ್ಲ. ಮೈದುನ ಕಾರ್ಖಾನೆಗೆ ಮತ್ತೆ ಆಳು ಕಳಿಸಿದರು, ಬಾಗಿಲು ಹಾಕಿತ್ತು. ಜ್ಯೂಸ್ ಅಂಗಡಿಗಳಲ್ಲಿ ಕೇಳಿಸಿದರು, ಒಂದು ಬಕೆಟ್ ಚೂರು ಬಂತು, ಬಂದು ಬೀದಿ ದಾಟುವಷ್ಟರಲ್ಲಿ ಅರ್ಧ ಬಕೆಟ್ ಆಯಿತು. ಸೊಸೆ ಅಗರಬತ್ತಿ ಕಟ್ಟನ್ನೇ ಬಿಚ್ಚಿ ನಾಲ್ಕು ಮೂಲೆಗೂ ಹಚ್ಚಿದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಬಾಗಿಲ ಹೊರಗೆ ಬೀದಿಯ ಗಂಡಸರು ಗೋಡೆಯ ನೆರಳಲ್ಲಿ ಸಾಲಾಗಿ ಕೂತಿದ್ದರು. ಒಬ್ಬರೂ ಬೇಗ ಮಾಡಿ ಅನ್ನಲಿಲ್ಲ. ಅಂದಿದ್ದರೆ ಯಾರ ಮೇಲಾದರೂ ರೇಗುವುದಕ್ಕೆ ನನಗೊಂದು ನೆಪವಾದರೂ ಸಿಗುತ್ತಿತ್ತು.

ಮೈದುನ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕೈಯಲ್ಲಿ ಉಪ್ಪು ಒಣಗಿ ಬಿಳಿಯಾಗಿತ್ತು.

"ಅಕ್ಕಾವ್ರೇ, ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡೋ ಹಾಗಿಲ್ಲ. ರಾತ್ರಿಯೆಲ್ಲಾ ಇಟ್ಕೊಳ್ಳೋಕೆ ಕೈಲಿ ಏನೂ ಉಳಿದಿಲ್ಲ."

ನಾನು ಕಂಬಳಿಯ ಅಂಚು ಎಳೆದು ಸರಿಮಾಡಿದೆ.

"ತವರಿನವರು ಹ್ಞೂಂ ಅನ್ನದೆ ಹೆಣ್ಣನ್ನ ಎತ್ತಲ್ಲ ನಾವು. ತವರಿನವರು ಅಂದ್ರೆ ನೀವೊಬ್ಬರೇ."

"ಆ ಮಗೂಗೆ ಮಾತು ಕೊಟ್ಟಿದ್ದೀನಿ."

"ಗೊತ್ತು. ನಾನೂ ಅದಕ್ಕೇ ಅಲ್ವಾ..." ಅಂದವರು ತಮ್ಮ ಬಿಳಿ ಅಂಗೈಗಳನ್ನೇ ನೋಡಿಕೊಂಡರು. ಅವರಿಗೆ ಆಗ ಅರ್ಥವಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಆ ಉಪ್ಪು ಬೀಳದಿದ್ದರೂ ಕತ್ತಲಾಗುವವರೆಗೆ ಐಸು ಬರುತ್ತಿತ್ತು ಅಂತ ಗ್ಯಾರಂಟಿ ಕೊಡಲು ನಾನು ಯಾರು?

"ಏನ್ ಹೇಳ್ತೀರಿ?" ಅಂದರು.

"ಎತ್ತಿ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಎದುರು ಮನೆಯ ಅಜ್ಜಿಯೇ ಗಟ್ಟಿಯಾಗಿ, "ತವರು ಒಪ್ಪಿತು ಕಣ್ರಪ್ಪಾ," ಅಂದಿತು.

ಕಂಬಳಿ ತೆಗೆದರು. ಕೊನೆಯ ಸಲ ನೋಡಿಬಿಡಲಿ ಅಂತ ಹೊರಗಿದ್ದವರೆಲ್ಲ ಒಳಗೆ ನುಗ್ಗಿದರು. ಆ ಸಣ್ಣ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ, ಫ್ಯಾನಿಲ್ಲ, ಎಲ್ಲರ ಉಸಿರು, ಬೆವರು. ಹಿಂದಿನಿಂದ ಒಬ್ಬ ಹೆಂಗಸು ನನ್ನ ಭುಜ ಅಮುಕಿದಳು.

"ಅಮ್ಮಾ, ನೋಡಿ. ಬೆವರ್ತಾವ್ಳೆ."

ನೋಡಿದೆ. ಹೌದು, ತಂಗಿಯ ಹಣೆಯ ಮೇಲೆ, ಮೇಲ್ದುಟಿಯ ಮೇಲೆ, ಕಣ್ಣಿನ ಕೆಳಗೆ, ಸಾಸಿವೆಯಂಥ ಹನಿಗಳು. ಕಲ್ಲು ಬಿದ್ದ ನೀರಿನಂತೆ ಕೋಣೆ ಕದಡಿತು. ಉಸಿರಾಡ್ತಾಳಾ ನೋಡಿ, ಕೈ ಹಿಡಿದು ನೋಡಿ, ಡಾಕ್ಟರನ್ನ ಕರೀರಿ. ಮೈದುನ ಮೊಣಕಾಲೂರಿ ಮೂಗಿನ ಹತ್ತಿರ ಬೆರಳು ಹಿಡಿದರು. ಒಂದು ಗಳಿಗೆ ನನಗೂ, ಎಲ್ಲ ಗೊತ್ತಿದ್ದ ನನಗೂ, ಹೌದೇನೋ ಅನ್ನಿಸಿತು. ಆಮೇಲೆ ಗೊತ್ತಿದ್ದದ್ದು ಮರಳಿ ಬಂತು. ಕೊರೆಯುವ ಮೈ, ಒದ್ದೆ ಗಾಳಿ. ಐಸ್ ವಾಟರ್ ತುಂಬಿದ ಲೋಟದ ಹೊರಗೆ ಕೂರುವ ಹನಿಯೇ ಇದು. ಕಂಡೆನ್ಸೇಷನ್.

"ಅವಳ ಬೆವರಲ್ಲ," ಅಂದೆ. "ನಮ್ಮ ಉಸಿರು. ತಣ್ಣಗಿರೋದರ ಮೇಲೆ ನೀರಾಗಿ ಕೂತ್ಕೊಳ್ಳುತ್ತೆ."

ಮೈದುನ ಬೆರಳು ತೆಗೆದರು.

ಆವಿ ನೀರಾಗುವಾಗ ತನ್ನೊಳಗೆ ಹಿಡಿದಿಟ್ಟ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಇದೂ ನಾನು ಪಾಠ ಮಾಡಿದ್ದೇ. ಅಂದರೆ ಅಷ್ಟು ಜನ, ಅವಳನ್ನು ಅಷ್ಟು ಬಯಸಿದವರು, ಸುತ್ತ ನಿಂತು ಉಸಿರಾಡುವುದರಿಂದಲೇ ಅವಳನ್ನು ಹನಿಹನಿಯಾಗಿ ಬಿಸಿ ಮಾಡುತ್ತಿದ್ದೆವು. ಉಸಿರು ಬಿಗಿಹಿಡಿದೆ. ಎಷ್ಟು ಹೊತ್ತು ಹಿಡಿಯಲಾದೀತು. ಸೆರಗಿನಿಂದ ಅವಳ ಹಣೆ ಒರೆಸಿದೆ. ಕೈ ತೆಗೆಯುವಷ್ಟರಲ್ಲಿ ಮತ್ತೆ ಮಸುಕು ಕಟ್ಟಿತು, ಮಸುಕಿನಿಂದ ಹನಿ. ಮತ್ತೆ ಒರೆಸಿದೆ. ಎತ್ತುವವರು ಬಂದು, "ಬಿಡಿ ಅಮ್ಮ," ಅನ್ನುವವರೆಗೂ ಅದೇ ಕೆಲಸ ಮಾಡುತ್ತಿದ್ದೆ.

ನಮ್ಮಲ್ಲಿ ಹೆಂಗಸರು ಬೀದಿಯ ತಿರುವಿನವರೆಗೆ ಮಾತ್ರ ಹೋಗುವುದು. ಅಲ್ಲಿ ಚಟ್ಟವನ್ನು ಒಂದು ಗಳಿಗೆ ಕೆಳಗಿಳಿಸಿ ದಿಕ್ಕು ತಿರುಗಿಸುತ್ತಾರೆ. ನಾನು ಅಜ್ಜಿಯ ಕೈ ಹಿಡಿದುಕೊಂಡು ಅಲ್ಲಿಯವರೆಗೆ ನಡೆದೆ. ಇಳಿಬಿಸಿಲು ಸೀದಾ ಅವಳ ಮುಖದ ಮೇಲೆ ಬೀಳುತ್ತಿತ್ತು. ಒಣಗಾಳಿಗೆ ಹನಿಗಳೆಲ್ಲ ಆರಿಹೋಗಿದ್ದವು. ನಾನು ಒರೆಸಿ ಒರೆಸಿ ಹಣೆಯ ವಿಭೂತಿ ಅರ್ಧ ಅಳಿಸಿತ್ತು. ಕೆನ್ನೆಯ ಹತ್ತಿರ ಎಲ್ಲಿಂದಲೋ ಹಾರಿದ್ದ ಉಪ್ಪಿನ ಹರಳೊಂದು ಅಂಟಿಕೊಂಡಿತ್ತು. ತೆಗೆಯೋಣ ಅಂತ ಬಗ್ಗುವಷ್ಟರಲ್ಲಿ ನಾಲ್ವರು ಭುಜ ಕೊಟ್ಟು ಎದ್ದರು. ಮುಖ ನನ್ನ ಕಣ್ಣಿಗಿಂತ ಎತ್ತರಕ್ಕೆ ಹೋಯಿತು. ಗಲ್ಲದ ಕೆಳಭಾಗ ಕಂಡಿತು, ಮೂಗಿನ ತುದಿ ಕಂಡಿತು, ಆಮೇಲೆ ಚಟ್ಟದ ಹೂವು ಮಾತ್ರ.